ಬೆಂಗಳೂರಿನಿಂದ ಲಂಡನ್ನಿಗೆ: ದೂರ ಒಂದೇ ಆದರೂ ಗಂಟೆಗಳೇಕೆ ಬೇರೆ ಬೇರೆ?

ಪ್ರಶ್ನೆ: ನಾನು ಹಾಸನದ ನಿವೃತ್ತ ಶಿಕ್ಷಕಿ. ಮಗಳ ಬಾಣಂತನಕ್ಕೆಂದು ಜನವರಿಯಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಒಬ್ಬಳೇ ಹೊರಟಿದ್ದೇನೆ, ಏಪ್ರಿಲ್‌ನಲ್ಲಿ ಹಿಂದಿರುಗುತ್ತೇನೆ. ಅಂತರ್ಜಾಲದಲ್ಲಿ ದೂರ ಹುಡುಕಿದರೆ ಒಂದು ಕಡೆ 8,040, ಇನ್ನೊಂದು ಕಡೆ 5,000, ಮತ್ತೊಂದು ಕಡೆ 4,340 ಎಂದಿದೆ. ಹಾರಾಟದ ಅವಧಿ ಸುಮಾರು ಒಂಬತ್ತೂವರೆ ಗಂಟೆ ಎನ್ನುತ್ತಾರೆ. ನಾನು ನೋಡಿಟ್ಟಿರುವ ವಿಮಾನ ಬೆಳಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12.20ಕ್ಕೆ ತಲುಪುತ್ತದೆ, ಬರುವಾಗ ಮಧ್ಯಾಹ್ನ 2ಕ್ಕೆ ಹೊರಟು ಮರುದಿನ ಬೆಳಗಿನ ಜಾವ 4.20ಕ್ಕೆ ಇಳಿಸುತ್ತದೆ. ಹೋಗಲು ಐದೂ ಕಾಲು ಗಂಟೆ, ಬರಲು ಹದಿನಾಲ್ಕು ಗಂಟೆಯೇ? ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ನನ್ನ ತಮ್ಮ ಹೇಳುತ್ತಾನೆ. ದುಬೈ ಮೂಲಕ ಹೋಗುವ ಟಿಕೆಟ್ ಅಗ್ಗವಾಗಿದೆ, ಆದರೆ ಅದಕ್ಕೆ 15 ಗಂಟೆ ಎಂದಿದೆ. ದುಬೈ ಅಷ್ಟೊಂದು ಸುತ್ತು ದಾರಿಯೇ? ನನಗೆ ಸಕ್ಕರೆ ಕಾಯಿಲೆಯ ಮಾತ್ರೆಗಳೂ ಇವೆ, ಆದ್ದರಿಂದ ನಿಜವಾದ ಗಂಟೆಯ ಲೆಕ್ಕ ಬೇಕು.

ಉತ್ತರ: ನೀವು ಕೊಟ್ಟ ಗಂಟೆಗಳನ್ನೇ ಮೊದಲು ಬಿಡಿಸೋಣ. ಟಿಕೆಟ್ಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಜನವರಿಯಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. ನೀವು ಲಂಡನ್ನಿನಲ್ಲಿ ಇಳಿಯುವ 12.20 ಎಂದರೆ ಹಾಸನದ ಗೋಡೆ ಗಡಿಯಾರದಲ್ಲಿ ಸಂಜೆ 5.50. ಬೆಳಗ್ಗೆ 7ರಿಂದ ಸಂಜೆ 5.50ರವರೆಗೆ 10 ಗಂಟೆ 50 ನಿಮಿಷ. ಹೋಗುವ ಪ್ರಯಾಣ ಅಷ್ಟು.

ಬರುವಾಗ ಇದೇ ಐದೂವರೆಯನ್ನು ಕಳೆದರೆ ಲೆಕ್ಕ ತಪ್ಪುತ್ತದೆ. ಬ್ರಿಟನ್ನಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಮತ್ತೆ ಹಿಂದಕ್ಕೆ ತರುತ್ತಾರೆ. ನೀವು ಹಿಂದಿರುಗುವ ಏಪ್ರಿಲ್‌ನಲ್ಲಿ ಅಂತರ ನಾಲ್ಕೂವರೆ ಗಂಟೆ ಮಾತ್ರ. ಲಂಡನ್ನಿನ ಮಧ್ಯಾಹ್ನ 2 ನಮ್ಮ ಸಂಜೆ 6.30. ಅಲ್ಲಿಂದ ಬೆಳಗಿನ ಜಾವ 4.20ಕ್ಕೆ 9 ಗಂಟೆ 50 ನಿಮಿಷ. ಹೀಗೆ ಹದಿನಾಲ್ಕು ಗಂಟೆ ಹತ್ತಕ್ಕಿಂತ ಕೆಳಗೆ ಇಳಿಯಿತು. ಹೋಗುವುದಕ್ಕೂ ಬರುವುದಕ್ಕೂ ಉಳಿಯುವ ನಿಜವಾದ ವ್ಯತ್ಯಾಸ ಒಂದು ಗಂಟೆ. ಆ ಒಂದು ಗಂಟೆ ಎಲ್ಲಿಂದ ಬಂತು ಎನ್ನುವುದೇ ನಿಮ್ಮ ಪ್ರಶ್ನೆಯ ತಿರುಳು. ವಿಮಾನಗಳ ಹಾರಾಟ ಯೋಜನೆ ಸಿದ್ಧಪಡಿಸುವ ಕೆಲಸದಲ್ಲಿ ಬಹುಕಾಲ ಕಳೆದವನಾದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ದೂರ. ನೀವು ಕಂಡ ಮೂರು ಅಂಕಿಗಳೂ ಒಂದೇ ದೂರವನ್ನು ಹೇಳುತ್ತಿವೆ. 8,040 ಎನ್ನುವುದು ಕಿಲೋಮೀಟರ್, 5,000 ನಮ್ಮ ಹಳೆಯ ಮೈಲಿ, 4,340 ನಾಟಿಕಲ್ ಮೈಲಿ. ಹಡಗು ಮತ್ತು ವಿಮಾನದವರು ಬಳಸುವ ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ಅಕ್ಷಾಂಶದ ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಒಂದು ಭಾಗಕ್ಕೆ ಬರುವ ನೆಲದ ಅಳತೆ ಹೆಚ್ಚುಕಡಿಮೆ ಅಷ್ಟೇ. ಕೆಲವು ತಾಣಗಳು ಅಂಕಿಯ ಪಕ್ಕದಲ್ಲಿ ಮಾನವನ್ನು ಸಣ್ಣಕ್ಷರದಲ್ಲಿ ಹಾಕುವುದರಿಂದ ಗೊಂದಲವಾಗುತ್ತದೆ. ಒಂದು ತಾಣದಲ್ಲಿ 8,030, ಇನ್ನೊಂದರಲ್ಲಿ 8,050 ಎಂದು ಕಂಡರೂ ಗಾಬರಿ ಬೇಡ. ಭೂಮಿ ಧ್ರುವಗಳಲ್ಲಿ ತುಸು ಅದುಮಿದಂತಿದೆ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಕೆಲವರು ಭೂಮಿಯನ್ನು ನುಣುಪಾದ ಗೋಳವೆಂದು ಭಾವಿಸಿ ಲೆಕ್ಕ ಮಾಡುತ್ತಾರೆ, ಕೆಲವರು ಈ ಚಪ್ಪಟೆಯನ್ನೂ ಸೇರಿಸಿಕೊಳ್ಳುತ್ತಾರೆ. ಹತ್ತಿಪ್ಪತ್ತು ಕಿಲೋಮೀಟರ್ ವ್ಯತ್ಯಾಸ ಅದರಿಂದ ಬರುತ್ತದೆ.

ಈ 8,040 ಕಿ.ಮೀ. ಯಾವ ದಾರಿಯ ಉದ್ದ? ನೀವು ಶಿಕ್ಷಕಿಯಾಗಿದ್ದವರು, ಶಾಲೆಯಲ್ಲಿ ಭೂಮಿಯ ಗುಂಡನೆಯ ಮಾದರಿ, ಗ್ಲೋಬ್, ಇದ್ದೇ ಇರುತ್ತದೆ. ಅದರ ಮೇಲೆ ಬೆಂಗಳೂರಿನಲ್ಲಿ ಒಂದು ಬೆರಳು, ಲಂಡನ್ನಿನಲ್ಲಿ ಒಂದು ಬೆರಳು ಇಟ್ಟು ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಹಿಡಿಯುವ ದಾರಿಯೇ ಅತಿ ಕಿರಿದಾದದ್ದು. ಅದಕ್ಕೆ ಮಹಾವೃತ್ತದ ದಾರಿ ಎನ್ನುತ್ತೇವೆ. ಬೆಂಗಳೂರಿನಿಂದ ಅದು ವಾಯವ್ಯಕ್ಕೆ ಹೊರಟು ಪಾಕಿಸ್ತಾನ, ಅಫ್ಘಾನಿಸ್ತಾನ, ಕ್ಯಾಸ್ಪಿಯನ್ ಸಮುದ್ರದ ಸುತ್ತಮುತ್ತ, ರಷ್ಯಾ–ಉಕ್ರೇನ್ ಕಡೆಯಿಂದ ಯುರೋಪಿಗೆ ಇಳಿಯುತ್ತದೆ. ಗೋಡೆಯ ನಕ್ಷೆಯಲ್ಲಿ ಅಡಿಕೋಲಿಟ್ಟು ಎಳೆದ ನೇರ ಗೆರೆಗಿಂತ ಇದು ಉತ್ತರಕ್ಕೆ ಬಾಗಿದಂತೆ ಕಾಣುತ್ತದೆ. ಶಾಲೆಗಳಲ್ಲಿ ತೂಗುಹಾಕುವ ಮರ್ಕೇಟರ್ ಮಾದರಿಯ ನಕ್ಷೆಯ ಆ ನೇರ ಗೆರೆಯನ್ನು ಹಿಡಿದು ಹಾರಿದರೆ ಸುಮಾರು 8,270 ಕಿ.ಮೀ. ಆಗುತ್ತದೆ. 230 ಕಿಲೋಮೀಟರ್ ದಂಡ.

ಇದೇ ಪ್ರಯೋಗವನ್ನು ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ಮಾಡಿ ನೋಡಿ, ಆಶ್ಚರ್ಯ ಇನ್ನೂ ದೊಡ್ಡದು. ನಕ್ಷೆಯ ನೇರ ಗೆರೆ ಪೆಸಿಫಿಕ್ ಸಾಗರದ ಮೇಲೆ 16,000 ಕಿ.ಮೀ. ದಾಟುತ್ತದೆ. ದಾರವಾದರೋ ಬೆಂಗಳೂರಿನಿಂದ ಬಹುತೇಕ ಉತ್ತರಕ್ಕೇ ಹೊರಟು, ಟಿಬೆಟ್ ದಾಟಿ, ಸೈಬೀರಿಯಾದ ಮೇಲೆ 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲಾಸ್ಕದ ಕಡೆಯಿಂದ ಇಳಿದು 14,000 ಕಿ.ಮೀ.ಗೆ ಮುಗಿಸುತ್ತದೆ. ಅಮೆರಿಕಕ್ಕೆ ಹೋಗುವವರು ಪೂರ್ವಕ್ಕೆ ಹೋಗಬೇಕೋ ಪಶ್ಚಿಮಕ್ಕೋ ಎಂದು ಕೇಳುತ್ತಾರೆ. ಉತ್ತರಕ್ಕೆ ಎನ್ನುವುದು ದಾರದ ಉತ್ತರ.

ಆದರೆ ಯಾವ ವಿಮಾನವೂ ದಾರದ ಮೇಲೆಯೇ ಹಾರುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ನಾಲ್ಕೂವರೆ ಸಾವಿರ ಮೀಟರ್. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೆಲವೇ ನಿಮಿಷಗಳಲ್ಲಿ ಸುಮಾರು 3,000 ಮೀಟರ್‌ಗೆ ಇಳಿಯಬೇಕು, ಏಕೆಂದರೆ ತಲೆಯ ಮೇಲಿನಿಂದ ಇಳಿಬೀಳುವ ಆಮ್ಲಜನಕದ ಮುಖವಾಡಗಳು ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು ಮಾತ್ರ ಸಾಲುತ್ತವೆ. ಕೆಳಗೆ ನೆಲವೇ ನಾಲ್ಕೂವರೆ ಸಾವಿರದಲ್ಲಿದ್ದರೆ ಇಳಿಯುವುದೆಲ್ಲಿಗೆ? ಅದಕ್ಕಾಗಿ ಅಲ್ಲಿನ ದಾರಿಗಳನ್ನು ಬಹಳ ಎಚ್ಚರದಿಂದ ಆರಿಸುತ್ತಾರೆ, ಬಹುತೇಕ ವಿಮಾನಗಳು ಟಿಬೆಟ್ಟನ್ನು ತಪ್ಪಿಸಿ ಸುತ್ತಿಕೊಂಡೇ ಹೋಗುತ್ತವೆ.

ನಿಮ್ಮ ಲಂಡನ್ ದಾರಿಯಲ್ಲಿ ಟಿಬೆಟ್ ಇಲ್ಲ, ಆದರೆ ದೇಶಗಳ ಬಾಗಿಲುಗಳಿವೆ. 2022ರ ಫೆಬ್ರುವರಿ 24ರಂದು ಉಕ್ರೇನ್ ತನ್ನ ಆಕಾಶವನ್ನು ನಾಗರಿಕ ವಿಮಾನಗಳಿಗೆ ಮುಚ್ಚಿತು; ಮರುದಿನವೇ ರಷ್ಯಾ ಬ್ರಿಟಿಷ್ ವಿಮಾನಗಳಿಗೆ ತನ್ನ ಆಕಾಶವನ್ನು ನಿಷೇಧಿಸಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ಬಾಗಿಲು ಹಾಕಿತು. ಹೀಗಾಗಿ ಒಂದೇ ಊರಿನಿಂದ ಒಂದೇ ಊರಿಗೆ ಹೊರಡುವ ಎರಡು ವಿಮಾನಗಳು, ಒಂದು ಭಾರತದ್ದು, ಇನ್ನೊಂದು ಬ್ರಿಟನ್ನಿನದು, ಬೇರೆ ಬೇರೆ ದಾರಿ ಹಿಡಿಯಬೇಕಾಗುತ್ತದೆ. ಅದರ ಮೇಲೆ ಇರಾನ್, ಇರಾಕ್ ಭಾಗದಲ್ಲಿ ಬಿಗುವು ಏರಿದಾಗ ರಾತ್ರೋರಾತ್ರಿ ದಾರಿ ಬದಲಾಗುತ್ತದೆ. ದೂರ ಹೇಳುವ ತಾಣಗಳಿಗೆ ಇದಾವುದೂ ಗೊತ್ತಿರುವುದಿಲ್ಲ. ಅವು ಎರಡು ಬಿಂದುಗಳ ಅಕ್ಷಾಂಶ, ರೇಖಾಂಶ ಹಿಡಿದು ದಾರ ಎಳೆದು ಕೈಬಿಡುತ್ತವೆ.

ಸುತ್ತು ಹಾಕಿದರೆ ಎಷ್ಟು ನಷ್ಟ? ಇಲ್ಲಿ ಸಮಾಧಾನದ ಸಂಗತಿ ಇದೆ, ಅದು ನಿಮ್ಮ ದುಬೈ ಪ್ರಶ್ನೆಗೂ ಉತ್ತರ. ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ., ದುಬೈನಿಂದ ಲಂಡನ್ನಿಗೆ ಸುಮಾರು 5,500. ಒಟ್ಟು 8,200. ನೇರ ದಾರಿಗಿಂತ 160 ಕಿ.ಮೀ. ಮಾತ್ರ ಹೆಚ್ಚು, ಹಾಸನದಿಂದ ಬೆಂಗಳೂರಿಗೆ ಹೋಗುವಷ್ಟೂ ಅಲ್ಲ. ಉದ್ದನೆಯ ದಾರಿಯನ್ನು ನಡುವೆ ಸ್ವಲ್ಪ ಪಕ್ಕಕ್ಕೆ ಎಳೆದರೆ ಒಟ್ಟು ಉದ್ದ ಹೆಚ್ಚು ಬೆಳೆಯುವುದಿಲ್ಲ. ಇನ್ನೂ ದಕ್ಷಿಣಕ್ಕೆ ಸರಿದು ಸೌದಿ ಅರೇಬಿಯಾ, ಕೈರೋ ಮೇಲೆ ಸುತ್ತಿಕೊಂಡು ಹೋದರೆ 8,630 ಕಿ.ಮೀ. ಆಸುಪಾಸು ಆಗುತ್ತದೆ. ಸುಮಾರು 600 ಕಿ.ಮೀ. ಹೆಚ್ಚು, ಎಂದರೆ 40 ನಿಮಿಷ.

ಹಾಗಾದರೆ ದುಬೈ ಮೂಲಕ 15 ಗಂಟೆ ಏಕೆ? ನೆಲದ ಮೇಲೆ ಕಳೆಯುವ ಹೊತ್ತಿನಿಂದ. ಎರಡು ಸಲ ಏರಬೇಕು, ಎರಡು ಸಲ ಇಳಿಯಬೇಕು, ಎರಡು ಸಲ ರನ್‌ವೇ ಸರದಿಗೆ ಕಾಯಬೇಕು. ಬೆಂಗಳೂರಿನಿಂದ ದುಬೈಗೆ ನಾಲ್ಕು ಗಂಟೆ, ಅಲ್ಲಿಂದ ಲಂಡನ್ನಿಗೆ ಏಳೂವರೆ ಗಂಟೆ ಎಂದು ಹಿಡಿದರೆ ಪ್ರಯಾಣವೇ ಹನ್ನೊಂದೂವರೆ. ಉಳಿದ ಮೂರೂವರೆ ಗಂಟೆ ದುಬೈ ನಿಲ್ದಾಣದಲ್ಲಿ ಕಾಯುವುದು. ಅಗ್ಗದ ಟಿಕೆಟ್ ಬೇಡ ಎಂದು ನಾನು ಹೇಳುವುದಿಲ್ಲ, ಆದರೆ ಒಬ್ಬರೇ ಹೋಗುವ ಮೊದಲ ದೂರದ ಪ್ರಯಾಣವಾದರೆ ಹಣದ ವ್ಯತ್ಯಾಸವನ್ನು ನುಂಗಿಕೊಂಡು ನೇರ ವಿಮಾನವನ್ನೇ ಹಿಡಿಯಿರಿ. ದುಬೈನಂಥ ದೊಡ್ಡ ನಿಲ್ದಾಣದಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ತಲುಪುವುದೇ ಅರ್ಧ ಗಂಟೆಯ ಕೆಲಸವಾಗಬಹುದು, ನಡುವೆ ಮತ್ತೊಮ್ಮೆ ಭದ್ರತಾ ತಪಾಸಣೆಯೂ ಇರುತ್ತದೆ. ದುಬೈ ಮೂಲಕವೇ ಹೋಗುವುದಾದರೆ ಎರಡೂ ಹಾರಾಟಗಳು ಒಂದೇ ಟಿಕೆಟ್ಟಿನಲ್ಲಿರಲಿ. ಮೊದಲನೆಯದು ತಡವಾದರೆ ಮುಂದಿನದರಲ್ಲಿ ಜಾಗ ಕೊಡಿಸುವ ಹೊಣೆ ಆಗ ಸಂಸ್ಥೆಯದಾಗುತ್ತದೆ. ಬೇರೆ ಬೇರೆಯಾಗಿ ಕೊಂಡ ಎರಡು ಟಿಕೆಟ್‌ಗಳಿಗೆ ಆ ರಕ್ಷಣೆ ಇಲ್ಲ.

ಇನ್ನು ಹೋಗುವುದಕ್ಕೂ ಬರುವುದಕ್ಕೂ ನಡುವಿನ ಆ ಒಂದು ಗಂಟೆ. ನಿಮ್ಮ ತಮ್ಮನವರು ಹೇಳಿದ್ದು ಬಹಳ ಜನ ನಂಬಿರುವ ಮಾತು: ಭೂಮಿ ಪೂರ್ವಕ್ಕೆ ತಿರುಗುತ್ತದೆ, ಆದ್ದರಿಂದ ಪಶ್ಚಿಮಕ್ಕೆ ಹಾರಿದರೆ ಊರೇ ನಮ್ಮ ಕಡೆಗೆ ಬರುತ್ತದೆ ಎಂದು. ಹಾಗಿದ್ದರೆ ಲಂಡನ್ನಿಗೆ ಹೋಗುವ ಪ್ರಯಾಣವೇ ಬೇಗ ಮುಗಿಯಬೇಕಿತ್ತು, ಆಗುತ್ತಿರುವುದು ಅದಕ್ಕೆ ತಿರುವುಮುರುವು. ಬೆಂಗಳೂರಿನ ನೆಲ ಗಂಟೆಗೆ 1,600 ಕಿ.ಮೀ.ಗೂ ಮೀರಿದ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ನಿಂತ ವಿಮಾನವೂ, ಅದರ ಸುತ್ತಲಿನ ಗಾಳಿಯೂ ಅದೇ ವೇಗದಲ್ಲಿ ಜೊತೆಗೇ ಸಾಗುತ್ತಿವೆ. ಮೇಲೇರಿದ ಮಾತ್ರಕ್ಕೆ ಆ ವೇಗ ಬಿಟ್ಟುಹೋಗುವುದಿಲ್ಲ. ವಿಮಾನ ಹಾರುವುದು ಗಾಳಿಯಲ್ಲಿ, ಆದ್ದರಿಂದ ಆ ಗಾಳಿ ನೆಲಕ್ಕೆ ಹೋಲಿಸಿದರೆ ಯಾವ ಕಡೆಗೆ, ಎಷ್ಟು ವೇಗವಾಗಿ ಸರಿಯುತ್ತಿದೆ ಎನ್ನುವುದಷ್ಟೇ ಮುಖ್ಯ. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನ ತೋಳಿನ ಬಲ ಒಂದೇ ಆದರೂ ಸೆಳವಿನ ಜೊತೆ ಹೋಗುವಾಗ ದಡದ ಮರಗಳು ಬೇಗ ಹಿಂದೆ ಸರಿಯುತ್ತವೆ, ಸೆಳವಿಗೆ ಎದುರಾಗಿ ಹೋಗುವಾಗ ಸರಿಯಲೊಲ್ಲವು.

ಆ ಸೆಳವು ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಬಹಳ ಜೋರು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಿಮಾಲಯದ ದಕ್ಷಿಣ ಬದಿಗೆ, ನೆಲದಿಂದ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊನಲೊಂದು ಹರಿಯುತ್ತದೆ. ಹವಾಮಾನದವರು ಇದನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಅದರ ನಡುಮಧ್ಯದಲ್ಲಿ ಗಂಟೆಗೆ 200 ಕಿ.ಮೀ. ವೇಗ ಅಪರೂಪವೇನಲ್ಲ. ದೊಡ್ಡ ವಿಮಾನಗಳು ಹಾರುವುದೂ ಇದೇ ಎತ್ತರದಲ್ಲಿ. ನೀವು ಜನವರಿಯಲ್ಲಿ ಪಶ್ಚಿಮಕ್ಕೆ ಹೋಗುವಾಗ ಇದರ ಎದುರಿಗೆ, ಏಪ್ರಿಲ್‌ನಲ್ಲಿ ಪೂರ್ವಕ್ಕೆ ಬರುವಾಗ ಇದರ ಜೊತೆಗೆ. ಏಪ್ರಿಲ್ ಹೊತ್ತಿಗೆ ಅದು ಸೊರಗಲು ತೊಡಗಿರುತ್ತದೆ, ಜೂನ್‌ನಲ್ಲಿ ಹಿಮಾಲಯದ ಆಚೆಗೆ ಸರಿದುಹೋಗುತ್ತದೆ. ಆಗ ದಕ್ಷಿಣ ಭಾರತದ ಮೇಲೆ, ಇನ್ನೂ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಮತ್ತೊಂದು ಹೊನಲು ನೆಲೆಗೊಳ್ಳುತ್ತದೆ. ಮುಂಗಾರಿನ ಈ ಪೂರ್ವದ ಗಾಳಿಯ ಹೊನಲನ್ನು 1958ರಲ್ಲಿ ವಿವರವಾಗಿ ಜಗತ್ತಿನ ಮುಂದಿಟ್ಟವರು ನಮ್ಮ ಹವಾಮಾನ ಇಲಾಖೆಯ ವಿಜ್ಞಾನಿ ಪಿ. ಕೋಟೇಶ್ವರಂ. ನಮ್ಮ ಮಳೆಗಾಲವನ್ನು ಅರಿಯಲೆಂದು ಮಾಡಿದ ಅಧ್ಯಯನ ವಿಮಾನದವರಿಗೂ ಉಪಕಾರವಾಯಿತು ಎನ್ನುವುದು ನನಗೆ ಸದಾ ಹೆಮ್ಮೆಯ ವಿಷಯ.

ಈಗ ನಿಮ್ಮ ಟಿಕೆಟ್ಟಿನ 10 ಗಂಟೆ 50 ನಿಮಿಷವನ್ನು ಕಟ್ಟಿ ತೋರಿಸುತ್ತೇನೆ. ಇಲ್ಲಿ ಗಾಳಿಗೂ ನೆಲದ ಓಡಾಟಕ್ಕೂ ಹಿಡಿದಿರುವ ಅಂಕಿಗಳು ಉದಾಹರಣೆಗೆ ತೆಗೆದುಕೊಂಡವು, ಆದರೆ ನಾವು ದಿನವೂ ಲೆಕ್ಕ ಹಾಕುವ ಬಗೆ ಇದೇ. ದಾರದ ದೂರ 8,040. ನಿಜವಾದ ದಾರಿಯ ಸುತ್ತು ಸೇರಿದರೆ 8,300 ಕಿ.ಮೀ. ಎನ್ನೋಣ. ವಿಮಾನ ಗಾಳಿಯಲ್ಲಿ ಸಾಗುವ ವೇಗ ಗಂಟೆಗೆ 900. ಇಡೀ ದಾರಿಯ ಸರಾಸರಿ ಎದುರುಗಾಳಿ 60. ಹಾಗಾದರೆ ನೆಲಕ್ಕೆ ಹೋಲಿಸಿದ ವೇಗ 840, ಬೇಕಾಗುವ ಹೊತ್ತು 9 ಗಂಟೆ 53 ನಿಮಿಷ. ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ, ಕೊನೆಯಲ್ಲಿ ರನ್‌ವೇಗೆ ಸಾಲು ಹಿಡಿಯಲು ತಿರುವುಗಳಿರುತ್ತವೆ. ಅದಕ್ಕೆ 15 ನಿಮಿಷ. ಬೆಂಗಳೂರಿನಲ್ಲಿ ಗೇಟಿನಿಂದ ರನ್‌ವೇ ತುದಿಗೆ ಹೋಗಲು 20 ನಿಮಿಷ, ಲಂಡನ್ನಿನಲ್ಲಿ ಇಳಿದ ಮೇಲೆ ಗೇಟಿಗೆ 10 ನಿಮಿಷ. ಒಟ್ಟು 10 ಗಂಟೆ 38 ನಿಮಿಷ. ಉಳಿದ 12 ನಿಮಿಷ ತಡವಾದರೆ ಇರಲೆಂದು ಸಂಸ್ಥೆ ಇಟ್ಟುಕೊಂಡ ಅಂಚು. ಬರುವಾಗ 40 ಕಿ.ಮೀ. ಹಿಂಗಾಳಿ ಸಿಕ್ಕಿದರೆ ನೆಲದ ವೇಗ 940, ಹೊತ್ತು 8 ಗಂಟೆ 50 ನಿಮಿಷ. ಅದಕ್ಕೆ ಇದೇ ಕಾಲು ಗಂಟೆ, ಅರ್ಧ ಗಂಟೆ, ಸ್ವಲ್ಪ ಅಂಚು ಕೂಡಿಸಿ, ನಿಮ್ಮ 9 ಗಂಟೆ 50 ನಿಮಿಷ ಸಿಗುತ್ತದೆ. ಅಂತರ್ಜಾಲದ ಒಂಬತ್ತೂವರೆ ಗಂಟೆ ಎಲ್ಲಿಂದ ಬಂತು ಎಂದೂ ಈಗ ಗೊತ್ತಾಗುತ್ತದೆ: 8,040ನ್ನು 900ರಿಂದ ಭಾಗಿಸಿ ಅರ್ಧ ಗಂಟೆ ಕೂಡಿಸಿದ್ದಾರೆ. ಗಾಳಿ ಇಲ್ಲ, ಗಡಿ ಇಲ್ಲ, ಸರದಿ ಇಲ್ಲ.

ಹೋಗುವಾಗ ಕಳೆದುಕೊಂಡದ್ದನ್ನು ಗಾಳಿ ಬರುವಾಗ ಪೂರ್ತಿ ಹಿಂದಿರುಗಿಸುತ್ತದೆಯೇ ಎಂದು ಕೇಳಬಹುದು. ಇಲ್ಲ. 8,040 ಕಿ.ಮೀ.ಗೆ ಹೋಗುತ್ತ 100 ಕಿ.ಮೀ. ಎದುರುಗಾಳಿ, ಬರುತ್ತ 100 ಕಿ.ಮೀ. ಹಿಂಗಾಳಿ ಎಂದು ಲೆಕ್ಕ ಹಾಕಿ ನೋಡಿ; ಗಾಳಿಯೇ ಇಲ್ಲದ ದಿನಕ್ಕಿಂತ ಒಟ್ಟಿನಲ್ಲಿ 13 ನಿಮಿಷ ಹೆಚ್ಚೇ ಬೇಕಾಗುತ್ತದೆ. ಎದುರುಗಾಳಿಯಲ್ಲಿ ನಾವು ಇರುವ ಹೊತ್ತೇ ಹೆಚ್ಚು, ಆದ್ದರಿಂದ ಅದರ ಪೆಟ್ಟೂ ಹೆಚ್ಚು. ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಳ್ಳೆಯ ಲೆಕ್ಕವಾದೀತು.

ಗಾಳಿಯ ಬಲ ಎಷ್ಟು ದೊಡ್ಡದು ಎನ್ನುವುದಕ್ಕೆ ನಾನು ಮರೆಯದ ಉದಾಹರಣೆ 2016ರ ಅಕ್ಟೋಬರಿನದು. ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ಅದುವರೆಗೆ ಅಟ್ಲಾಂಟಿಕ್ ಕಡೆಯಿಂದ ಸುಮಾರು 13,900 ಕಿ.ಮೀ. ಹಾರುತ್ತಿತ್ತು, ಎದುರುಗಾಳಿಯೊಡನೆ ಗುದ್ದಾಡುತ್ತಿತ್ತು. ಆ ತಿಂಗಳು ದಾರಿ ಬದಲಿಸಿ ಪೆಸಿಫಿಕ್ ಮೇಲೆ ಹೊರಟಿತು. ದೂರ 15,300 ಕಿ.ಮೀ.ಗೆ ಏರಿತು, ಹೊತ್ತು ಹದಿನಾಲ್ಕೂವರೆ ಗಂಟೆಗೆ ಇಳಿಯಿತು. 1,400 ಕಿ.ಮೀ. ಹೆಚ್ಚು ಹಾರಿ ಎರಡು ಗಂಟೆಯ ಹತ್ತಿರ ಹತ್ತಿರ ಉಳಿಸಿತು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಬಂದಾಗ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ, ಮಹಿಳೆಯರೇ ಇದ್ದ ಪೈಲಟ್ ತಂಡ ಅದನ್ನು ಉತ್ತರ ಧ್ರುವದ ಮೇಲಿನಿಂದ ತಂದಿತು. ಹಾರಿದ್ದು ಸುಮಾರು 16,000 ಕಿ.ಮೀ., ಹಿಡಿದದ್ದು ಸುಮಾರು 17 ಗಂಟೆ. ದಾರದ ದೂರ 14,000 ಎನ್ನುವುದನ್ನು ನೆನಪಿಡಿ. ಅತಿ ಕಿರಿದಾದ ದಾರಿಯನ್ನು ಯಾರೂ ಹುಡುಕುವುದಿಲ್ಲ. ಆ ದಿನದ ಗಾಳಿಗೆ, ತೆರೆದಿರುವ ಆಕಾಶಕ್ಕೆ, ಇಂಧನಕ್ಕೆ ಒಪ್ಪುವ ದಾರಿಯನ್ನು ಹುಡುಕುತ್ತಾರೆ.

ಟಿಕೆಟ್ಟಿನ ಅವಧಿ ಎಲ್ಲಿಂದ ಎಲ್ಲಿಗೆ ಎಂಬುದನ್ನೂ ಹೇಳಿಬಿಡಬೇಕು. ವಿಮಾನ ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟಿದ ಕ್ಷಣದವರೆಗೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಅದು ಗೇಟಿನಿಂದ ಗೇಟಿಗೆ. ಬಾಗಿಲು ಮುಚ್ಚಿ, ಚಕ್ರಗಳ ಮುಂದಿನ ಅಡ್ಡಗಟ್ಟೆ ತೆಗೆದು, ಪೈಲಟ್ ನಿಲುಗಡೆ ಬ್ರೇಕ್ ಸಡಿಲಿಸಿದ ಕ್ಷಣ ವಿಮಾನದಿಂದ ಸಂಸ್ಥೆಯ ಕಚೇರಿಗೆ ತಾನಾಗಿಯೇ ಒಂದು ಸಂದೇಶ ಬರುತ್ತದೆ: ಔಟ್. ಚಕ್ರ ನೆಲ ಬಿಟ್ಟಾಗ ಎರಡನೆಯದು: ಆಫ್. ಇಳಿದು ಚಕ್ರ ನೆಲ ಮುಟ್ಟಿದಾಗ ಮೂರನೆಯದು: ಆನ್. ಗೇಟಿನಲ್ಲಿ ನಿಂತು ಬ್ರೇಕ್ ಹಾಕಿ ಬಾಗಿಲು ತೆರೆದಾಗ ಕೊನೆಯದು: ಇನ್. ನಮ್ಮ ಪರದೆಯ ಮೇಲೆ ಪ್ರತಿ ಹಾರಾಟವೂ ಈ ನಾಲ್ಕು ಸಮಯಗಳ ಒಂದು ಸಾಲು. ಎಲ್ಲವೂ ಗ್ರೀನಿಚ್ ಕಾಲಮಾನದಲ್ಲೇ ಇರುತ್ತವೆ, ಊರೂರಿನ ಗಡಿಯಾರದ ಗೊಂದಲ ಅಲ್ಲಿಲ್ಲ. ನಿಮ್ಮ ಟಿಕೆಟ್ ಹೇಳುವುದು ಮೊದಲನೆಯದರಿಂದ ನಾಲ್ಕನೆಯದರವರೆಗಿನ ಹೊತ್ತು. ನಿಜವಾಗಿ ಗಾಳಿಯಲ್ಲಿರುವುದು ಎರಡನೆಯದರಿಂದ ಮೂರನೆಯದರವರೆಗೆ; ಮುಂದಿನ ಸೀಟಿನ ಹಿಂಬದಿಯ ಪರದೆಯಲ್ಲಿ ಕಾಣುವ ಅವಧಿ ಟಿಕೆಟ್ಟಿಗಿಂತ ಕಡಿಮೆ ಇದ್ದರೆ ಕಾರಣ ಇದು.

ಚಿಕ್ಕ ಹಾರಾಟದಲ್ಲಿ ಇದು ಕಣ್ಣಿಗೆ ಹೊಡೆದು ಕಾಣುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಆಕಾಶದ ದೂರ 306 ಕಿ.ಮೀ. ಮಾತ್ರ. ಗಂಟೆಗೆ 900ರಂತೆ ಭಾಗಿಸಿದರೆ 20 ನಿಮಿಷ. ಟಿಕೆಟ್ಟಿನಲ್ಲಿ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಐದು ಹತ್ತು ನಿಮಿಷ ಹೆಚ್ಚು. ವಿಮಾನ ಪೂರ್ಣ ವೇಗ ಹಿಡಿಯುವ ಹೊತ್ತಿಗೆ ಇಳಿಯಲು ಶುರು ಮಾಡಬೇಕು. ರೆಕ್ಕೆಯ ಮುಂದೆ ಪಂಖ ತಿರುಗುವ ಎಟಿಆರ್ ವಿಮಾನವಾದರೆ ಅದರ ಪೂರ್ಣ ವೇಗವೇ 500ರ ಸುತ್ತಮುತ್ತ. ಅದರ ಮೇಲೆ ಎರಡೂ ಕಡೆ ನೆಲದ ಮೇಲಿನ ಓಡಾಟ. ಮಂಗಳೂರಿನ ಹಾರಾಟಕ್ಕೂ ಲಂಡನ್ನಿನ ಹಾರಾಟಕ್ಕೂ ರನ್‌ವೇ ಸರದಿ ಒಂದೇ, ಆದರೆ ಹನ್ನೊಂದು ಗಂಟೆಯಲ್ಲಿ ಕರಗಿಹೋಗುವ ಅರ್ಧ ಗಂಟೆ ಒಂದು ಗಂಟೆಯ ಪ್ರಯಾಣದಲ್ಲಿ ಅರ್ಧಪಾಲು ಆಗುತ್ತದೆ.

ಲಂಡನ್ನಿನ ಹೀಥ್ರೂ ಬಗ್ಗೆ ಒಂದು ಮಾತು. ಅಷ್ಟು ದೊಡ್ಡ ನಿಲ್ದಾಣಕ್ಕೆ ಇರುವುದು ಎರಡೇ ರನ್‌ವೇ. ಒಂದರ ಹಿಂದೆ ಒಂದು ವಿಮಾನ ಬರುತ್ತಲೇ ಇರುವುದರಿಂದ ನಗರದ ಸುತ್ತ ನಾಲ್ಕು ಕಡೆ, ಬೋವಿಂಗ್‌ಡನ್, ಲ್ಯಾಂಬೋರ್ನ್, ಬಿಗಿನ್, ಆಕ್‌ಹ್ಯಾಮ್ ಎಂಬಲ್ಲಿ, ವಿಮಾನಗಳನ್ನು ಒಂದರ ಮೇಲೊಂದು ಬೇರೆ ಬೇರೆ ಎತ್ತರದಲ್ಲಿ ಸುತ್ತು ಹಾಕಿಸುತ್ತಾರೆ. ಕೆಳಗಿನದು ಹೊರಟಂತೆ ಮೇಲಿನವು ಒಂದೊಂದು ಮೆಟ್ಟಿಲು ಇಳಿಯುತ್ತವೆ. ಇಳಿಯುವ ಮುನ್ನ ವಿಮಾನ ಹತ್ತು ನಿಮಿಷ ಸುತ್ತುತ್ತಿದ್ದರೆ ಏನೋ ಕೆಟ್ಟಿದೆ ಎಂದು ಹೆದರಬೇಡಿ, ಅಲ್ಲಿ ಅದು ನಿತ್ಯದ ಪಾಠ. ಇದಕ್ಕೆ ಬೇಕಾದ ಇಂಧನ ಮೊದಲೇ ಇರುತ್ತದೆ. ಗುರಿಗೆ ಬೇಕಾದಷ್ಟರ ಜೊತೆಗೆ, ದಾರಿಯ ಏರುಪೇರಿಗೆ ಒಂದು ಪಾಲು, ಅಲ್ಲಿ ಇಳಿಯಲಾಗದಿದ್ದರೆ ಬದಲಿ ನಿಲ್ದಾಣಕ್ಕೆ ಒಂದು ಪಾಲು, ಅದರ ಮೇಲೂ ಅರ್ಧ ಗಂಟೆ ಹಾರುವಷ್ಟು ಮುಟ್ಟಬಾರದ ಪಾಲು ತುಂಬಿಸಿಯೇ ವಿಮಾನ ಹೊರಡಬೇಕು ಎನ್ನುವುದು ನಿಯಮ. ಈ ಇಂಧನ ಲೆಕ್ಕದ ಕಾಗದಕ್ಕೆ ಸಹಿ ಹಾಕುವ ಕೆಲಸವನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಿಮಗೆ ಬೇಕಿರುವುದು ಮನೆಯಿಂದ ಮನೆಗೆ ಎಷ್ಟು ಹೊತ್ತು ಎನ್ನುವುದು. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. 7ರ ವಿಮಾನಕ್ಕೆ ಬೆಳಗಿನ ಜಾವ 4ಕ್ಕೆ. ಹಾಸನದಿಂದ ನೆಲಮಂಗಲಕ್ಕೆ ಬಂದು, ಬೆಂಗಳೂರಿನೊಳಗೆ ಹೊಕ್ಕದೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೂ ನಾಲ್ಕು ಗಂಟೆ ಇಟ್ಟುಕೊಳ್ಳಿ. ಜನವರಿಯ ಮಂಜು ಬೇರೆ. ರಾತ್ರಿ ಹನ್ನೊಂದೂವರೆಗೆ ಮನೆ ಬಿಡಿ. ಆ ತಿಂಗಳು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬೆಳಗಿನ ಮಂಜಿನಿಂದ ವಿಮಾನಗಳು ತಡವಾಗುವುದೂ ಉಂಟು, ಅದಕ್ಕೂ ಮನಸ್ಸು ಸಿದ್ಧವಿರಲಿ. ಲಂಡನ್ನಿನಲ್ಲಿ 12.20ಕ್ಕೆ ಇಳಿದು ವಲಸೆ ತಪಾಸಣೆ, ಸಾಮಾನು ಮುಗಿಸಿ ಹೊರಬರಲು ಒಂದೂವರೆ ಗಂಟೆ ಹಿಡಿಯಿರಿ. ಅಷ್ಟರಲ್ಲಿ ಹಾಸನದಲ್ಲಿ ಸಂಜೆ ಏಳು ಕಳೆದಿರುತ್ತದೆ. ಮನೆ ಬಿಟ್ಟು ಇಪ್ಪತ್ತು ಗಂಟೆ. ಗಾಲಿಕುರ್ಚಿಯ ನೆರವನ್ನು ಟಿಕೆಟ್ ಮಾಡುವಾಗಲೇ ಕೇಳಿಕೊಳ್ಳಬಹುದು. ಉದ್ದನೆಯ ನಡಿಗೆ ಕಷ್ಟವಾಗುವವರಿಗೆ ಅದು ಉಚಿತವಾಗಿ ಸಿಗುತ್ತದೆ, ಜೊತೆಗೊಬ್ಬರು ಕೊನೆಯವರೆಗೂ ಇರುತ್ತಾರೆ. ಮಂಡಿನೋವು ಇದ್ದರೆ ಸಂಕೋಚ ಬೇಡ.

ಮಾತ್ರೆಗಳ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಕೊನೆಯದು. ಅವರ ಬಳಿ ಹೋಗುವಾಗ ಈ ಎರಡು ಅಂಕಿಗಳನ್ನು ಬರೆದುಕೊಂಡು ಹೋಗಿ: ಹೋಗುವ ದಿನ ನಿಮಗೆ ಐದೂವರೆ ಗಂಟೆ ಉದ್ದವಾಗುತ್ತದೆ, ಬರುವ ದಿನ ನಾಲ್ಕೂವರೆ ಗಂಟೆ ಗಿಡ್ಡವಾಗುತ್ತದೆ. ಯಾವ ಮಾತ್ರೆ ಯಾವ ಊಟಕ್ಕೆ ಎಂದು ಅವರು ಅದನ್ನು ನೋಡಿ ಹೇಳುತ್ತಾರೆ. ಕೈಗಡಿಯಾರವನ್ನು ಇಳಿಯುವವರೆಗೆ ಭಾರತದ ಸಮಯದಲ್ಲೇ ಬಿಡಿ, ಲೆಕ್ಕ ಸುಲಭ. ಮಾತ್ರೆಗಳನ್ನು, ವೈದ್ಯರ ಚೀಟಿಯನ್ನು, ಸ್ವಲ್ಪ ಬಿಸ್ಕತ್ತನ್ನು ಕೈಚೀಲದಲ್ಲಿ ಇಡಿ. ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಬೇಡ. ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ನೀರು ಕುಡಿಯುತ್ತಿರಿ.

ಮಗಳಿಗೋ ಅಳಿಯನಿಗೋ ತಲುಪುವ ಗಂಟೆಯ ಜೊತೆಗೆ ವಿಮಾನದ ಸಂಖ್ಯೆಯನ್ನೂ ಕಳುಹಿಸಿ. ಆ ಸಂಖ್ಯೆ ಹಾಕಿದರೆ ವಿಮಾನ ಈಗ ಎಲ್ಲಿದೆ, ಎಷ್ಟು ಹೊತ್ತಿಗೆ ಇಳಿಯುವ ಅಂದಾಜಿದೆ ಎಂದು ಮೊಬೈಲಿನಲ್ಲೇ ಕಾಣುತ್ತದೆ. ಹೊರಟು ಒಂದೆರಡು ಗಂಟೆಯಾದ ಮೇಲೆ ಅಲ್ಲಿ ತೋರಿಸುವ ಸಮಯವನ್ನು ನಂಬಬಹುದು, ಏಕೆಂದರೆ ಅಷ್ಟು ಹೊತ್ತಿಗೆ ವಿಮಾನ ಆ ದಿನದ ದಾರಿಯನ್ನು ಹಿಡಿದಾಗಿರುತ್ತದೆ. ಅವರು ಮನೆ ಬಿಡುವುದು ಆ ಸಮಯ ನೋಡಿಕೊಂಡೇ ಆಗಲಿ; ಬಾಣಂತಿಯ ಮನೆಯವರು ನಿಲ್ದಾಣದಲ್ಲಿ ಸುಮ್ಮನೆ ಎರಡು ಗಂಟೆ ಕಾಯುವ ಅಗತ್ಯವಿಲ್ಲ.